ಚಾಚಿದ್ದು ಬಲಗೈ

ನನ್ನ ಬಲಗೈಯ ನಾಲ್ಕು ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ. ಹೊಸಬರಿಗೆ ನಾನು ಮುಷ್ಟಿಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡಂತೆ ಕಾಣುತ್ತದೆ. ಮಕ್ಕಳು ಬಿಡಿಸಿ ನೋಡಲು ಬರುತ್ತವೆ. ದೊಡ್ಡವರು ನನ್ನನ್ನು ಕೇಳುವುದಿಲ್ಲ, ಪಕ್ಕದ ಮನೆಯವರನ್ನು ಕೇಳುತ್ತಾರೆ. ಸಣ್ಣವಳಿದ್ದಾಗ ಒಲೆಗೆ ಬಿದ್ದಿದ್ದಳಂತೆ ಪಾಪ, ಎಂಬ ಉತ್ತರ ಸಿಗುತ್ತದೆ. ಆ ‘ಪಾಪ’ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ನಾನು ಯಾವ ಒಲೆಗೂ ಬಿದ್ದವಳಲ್ಲ.

ನಾನು ಹುಟ್ಟಾ ಎಡಚಿ. ಯಲ್ಲಾಪುರದಲ್ಲಿ, ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ರಸ್ತೆಯ ಮೇಲೆ ನನ್ನ ಅಪ್ಪಯ್ಯನ ಹೋಟ್ಲು ಇತ್ತು. ಎದುರಿನ ಅಂಗಳದಲ್ಲಿ ಲಾರಿಗಳು ನಿಲ್ಲುತ್ತಿದ್ದವು. ಮುಂದಿನ ಕೋಣೆಯಲ್ಲಿ ಬೆಂಚು ಹಾಕಿ ಲಾರಿಯವರಿಗೆ ಚಾ, ದೋಸೆ. ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ, ಬಾಳೆ ಎಲೆ ಇಟ್ಟು, ದಿನಾ ಊಟಕ್ಕೆ ಬರುವ ಕಚೇರಿಯ ಗುಮಾಸ್ತರಂಥವರಿಗೆ ಪಂಕ್ತಿ. ಅದರ ಹಿಂದೆ ಅಡುಗೆಮನೆ, ಮೇಲಿನ ಅಟ್ಟದಲ್ಲಿ ನಮ್ಮ ಸಂಸಾರ. ಅಪ್ಪಯ್ಯ ದೊಡ್ಮನೆ ಎಂಬ ಊರಿನವ. ಆಸ್ತಿಯ ಹಿಸೆಯ ವಿಷಯದಲ್ಲಿ ಸ್ವಂತ ಅಣ್ಣನ ಜೊತೆ ಜಗಳವಾಡಿ, ಉಟ್ಟ ಬಟ್ಟೆಯಲ್ಲಿ ಬಂದು ಹೋಟ್ಲು ಹಾಕಿದವ. ಆಯಿ, ಅಂದರೆ ನನ್ನ ತಾಯಿ, ತ್ಯಾಗಲಿಯವಳು. ಅವರಿಬ್ಬರಿಗೆ ನಾನೊಬ್ಬಳೇ.

ನಾನು ಎಡಗೈಯಲ್ಲಿ ತುತ್ತು ಎತ್ತಿದ ಮೊದಲ ದಿನದಿಂದಲೂ ಅಪ್ಪಯ್ಯ ಹೊಡೆದಿರಬೇಕು. ನನಗೆ ನೆನಪಿರುವುದು ಆರನೇ ವಯಸ್ಸಿನ ನಂತರದ ಪೆಟ್ಟುಗಳು ಮಾತ್ರ. ಎಡಗೈಯಲ್ಲಿ ದೇವರಿಗೆ ಹೂ ಏರಿಸಿದ್ದಕ್ಕೆ ಹೊಡೆದ. ದಾರಿ ಕೇಳಿದ ಯಾರಿಗೋ ಎಡಗೈಯಲ್ಲಿ ಶಿರಸಿ ರಸ್ತೆ ತೋರಿಸಿದ್ದಕ್ಕೆ, ಆ ಮನುಷ್ಯ ಊರು ಮುಟ್ಟುವುದು ಬೇಡವೇ ಎಂದು ಹೊಡೆದ. ಆ ಕೈಯಲ್ಲಿ ಏನೇನು ತೊಳೆಯುತ್ತಾರೆ ಗೊತ್ತಿಲ್ಲವೇ ಎಂದು ಒಮ್ಮೆ ಕೇಳಿದ. ನಾನು ತೊಳೆಯುವುದು ಬಲಗೈಯಲ್ಲಿ, ಹಾಗಾದರೆ ನನ್ನ ಎಡಗೈಯೇ ಶುದ್ಧ ಅಲ್ಲವೇ ಎಂದೆ. ಅದು ಅಧಿಕಪ್ರಸಂಗ ಅಂತ ಈಗಲೂ ನನಗೆ ಅನ್ನಿಸುವುದಿಲ್ಲ, ಲೆಕ್ಕ ಸರಿಯಾಗಿಯೇ ಇತ್ತು. ಅವನು ಬಾರಿಸಿದ ಪೆಟ್ಟಿಗೆ ಕಿವಿಯೊಳಗೆ ಸಂಜೆಯವರೆಗೆ ಗುಂಯ್ ಎನ್ನುತ್ತಿತ್ತು.

ಶಾಲೆಯಲ್ಲಿ ಮಾಸ್ತರು ಬೇರೆ. ಪಾಟಿಯ ಮೇಲೆ ಎಡಗೈ ಓಡುತ್ತಿದ್ದಂತೆ ಹಿಂದಿನಿಂದ ಬಂದು ಗೆಣ್ಣಿನ ಮೇಲೆ ಪಟ್ಟಿಯ ಅಂಚಿನಿಂದ ಹೊಡೆಯುತ್ತಿದ್ದರು. ಕಡ್ಡಿ ಚೂರಾಗುತ್ತಿತ್ತು. ಬಲಗೈಗೆ ಬದಲಿಸಿದರೆ ನನ್ನ ಅಕ್ಷರ ಕೋಳಿ ಕೆದರಿದಂತೆ ಇರುತ್ತಿತ್ತು, ಅದಕ್ಕೆ ಮತ್ತೆ ಪೆಟ್ಟು. ಎಡಗೈಯಲ್ಲಿ ಬರೆದರೆ ಕೈಗೆ, ಬಲಗೈಯಲ್ಲಿ ಬರೆದರೆ ಬೆನ್ನಿಗೆ.

ನನಗೆ ಒಂಬತ್ತು ತುಂಬಿದ್ದು ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಅಷ್ಟು ಹೊತ್ತಿಗೆ ನಾನು ಹೋಟ್ಲಿನಲ್ಲಿ ಬೆಳಿಗ್ಗೆ ಚಾ ಕೊಡುತ್ತಿದ್ದೆ. ಎಡಗೈ ಮುಂದೆ ಬರಬಾರದೆಂದು ಅಪ್ಪಯ್ಯ ಒಂದು ಉಪಾಯ ಹುಡುಕಿದ್ದ. ಹಳೆಯ ಸೀರೆಯ ಅಂಚು ಹರಿದು, ನನ್ನ ಎಡಗೈಯ ಮಣಿಕಟ್ಟನ್ನು ಬೆನ್ನ ಹಿಂದೆ ಸೊಂಟಕ್ಕೆ ಕಟ್ಟುವುದು. ಹೇಳಿದ್ದು ಅಪ್ಪಯ್ಯ, ಕಟ್ಟುತ್ತಿದ್ದದ್ದು ಆಯಿ. ದಿನಾ ಬೆಳಿಗ್ಗೆ ಜಡೆ ಹೆಣೆದು ಮುಗಿಸಿ, ಅದೇ ಕೈಯಿಂದ ಗಂಟು ಬಿಗಿಯುತ್ತಿದ್ದಳು. ಜಡೆ ಕಟ್ಟುವಾಗ ಕೂದಲು ಎಳೆದರೆ ‘ನೋವಾತನೆ’ ಎಂದು ಕೇಳುತ್ತಿದ್ದವಳು ಗಂಟು ಬಿಗಿಯುವಾಗ ಏನೂ ಕೇಳುತ್ತಿರಲಿಲ್ಲ. ಇದನ್ನು ನಾನು ಮರೆತಿಲ್ಲ. ಮುಂದೆ ಅವಳು ನನಗಾಗಿ ಮಾಡಿದ್ದನ್ನು ಹೇಳುವಾಗಲೂ ಇದನ್ನು ಬಿಟ್ಟು ಹೇಳಲಾರೆ.

ಹೀಗೆ ಕಟ್ಟಿ, ಹೊಡೆದು, ಹಸಿವೆಯಲ್ಲಿ ಕೂರಿಸಿ, ಆರರಿಂದ ಒಂಬತ್ತರವರೆಗಿನ ಮೂರು ವರ್ಷದಲ್ಲಿ ಅಪ್ಪಯ್ಯ ನನಗೆ ಒಂದು ಪಾಠ ಗಟ್ಟಿ ಮಾಡಿಸಿದ. ಅವನ ಎದುರು ಏನೇ ಚಾಚುವುದಿದ್ದರೂ ಬಲಗೈ. ಪ್ರಸಾದಕ್ಕೆ ಬಲಗೈ, ಲೋಟ ಕೊಡಲು ಬಲಗೈ, ಪೆಟ್ಟು ತಿನ್ನಲೂ ಬಲಗೈ. ಅವನು ಎದುರಿಗೆ ಬಂದರೆ ಸಾಕು, ಕಟ್ಟಿರದಿದ್ದರೂ ನನ್ನ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು. ಅವನಿಲ್ಲದ ಕಡೆ ಮಾತ್ರ ಅದು ಮೊದಲಿನಂತೆ ತನ್ನ ಕೆಲಸಕ್ಕೆ ಹೊರಡುತ್ತಿತ್ತು.

ಅದೇ ವರ್ಷ ಒಂದು ಬೆಳಿಗ್ಗೆ ಹುಬ್ಬಳ್ಳಿ ಕಡೆಯ ಚಾಲಕನೊಬ್ಬ ಸಾಗವಾನಿ ದಿಮ್ಮಿ ಹೇರಿಕೊಂಡು ಘಟ್ಟ ಇಳಿಯಲು ಹೊರಟಿದ್ದ. ಲಾರಿಯ ಮೂತಿಗೆ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಒಳಗೆ ಬಂದು ಕೂತ. ಅಪ್ಪಯ್ಯ ಹಿತ್ತಲಲ್ಲಿ ಕಟ್ಟಿಗೆ ಇಳಿಸಿಕೊಳ್ಳುತ್ತಿದ್ದ. ಲೋಟಗಳ ತಟ್ಟೆ ಭಾರವಿತ್ತು, ಒಂದೇ ಕೈಯಲ್ಲಿ ಅದೂ ಅಭ್ಯಾಸವಿಲ್ಲದ ಕೈಯಲ್ಲಿ ಹಿಡಿಯಲಾಗದೆ ನಾನು ಮೈ ತಿರುಚಿ ಗಂಟು ಬಿಚ್ಚಿಕೊಂಡಿದ್ದೆ. ಬಲಗೈ ಮೇಲೆ ತಟ್ಟೆ ಇಟ್ಟುಕೊಂಡು ಎಡಗೈಯಲ್ಲಿ ಅವನಿಗೆ ಚಾದ ಗಾಜಿನ ಲೋಟ ಕೊಟ್ಟೆ.

ಅವನು ಲೋಟ ತೆಗೆದುಕೊಂಡ ಮೇಲೆ ಕೈ ನೋಡಿದ. ನೋಡಿದವನೇ ಲೋಟವನ್ನು ನನ್ನತ್ತ ಬೀಸಿದ. ಅದು ಕಂಬಕ್ಕೆ ಬಡಿದು ಒಡೆಯಿತು, ಒಂದು ಚೂರು ನನ್ನ ಹುಬ್ಬಿನ ಮೇಲೆ ನಾಟಿತು. ಬಿಸಿ ಚಾ ಮತ್ತು ರಕ್ತ ಒಟ್ಟಿಗೆ ಕಣ್ಣಿಗೆ ಇಳಿದವು. ಸದ್ದು ಕೇಳಿ ಓಡಿ ಬಂದ ಅಪ್ಪಯ್ಯನ ಅಂಗಿಯ ಎದೆ ಹಿಡಿದು ಚಾಲಕ ಗೋಡೆಗೆ ಒತ್ತಿದ.

“ಘಟ್ಟಾ ಇಳಿಯೋ ಮಂದಿಗೆ ಎಡಗೈಲೆ ಚಾ ಕುಡಸ್ತೀರೇನ್ರಿ? ನಾ ಏನ್ ನಾಯಿ ಅನ್ಕೊಂಡೀರೇನು?”

ಅಪ್ಪಯ್ಯ ಕೈ ಮುಗಿದ. ತಾನೇ ಬಲಗೈಯಲ್ಲಿ ಇನ್ನೊಂದು ಲೋಟ ತಂದು ಕೊಟ್ಟ. ಚಾಲಕ ಅದನ್ನು ಮುಟ್ಟದೆ ಎದ್ದು ಹೋದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಘಟ್ಟದ ತಿರುವಿನಲ್ಲಿ ಲಾರಿ ಮಗುಚಿತ್ತು. ದಿಮ್ಮಿಗಳು ಮುಂದಕ್ಕೆ ಜಾರಿ ಚಾಲಕನ ಎರಡೂ ಕಾಲು ಅಪ್ಪಚ್ಚಿಯಾಗಿದ್ದವು. ದಿಮ್ಮಿ ಎತ್ತಲು ಜನ ಸೇರುವವರೆಗೆ ಅವನು ಅದರ ಕೆಳಗೇ ಕೂಗುತ್ತ ಬಿದ್ದಿದ್ದನಂತೆ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಲಾರಿಗೆ ಹೊರಲಾರದಷ್ಟು ದಿಮ್ಮಿ ಹೇರಿದವರು ಯಾರು ಎಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನ ಕಡೆಯ ನಾಲ್ಕು ಜನ ಚಾಲಕರು ಬಂದು ಹೋಟ್ಲಿನ ಬಾಗಿಲಲ್ಲೇ ನಿಂತರು. ಬೆಂಚಿನ ಮೇಲೆ ಕೂರಲಿಲ್ಲ. ಅಪ್ಪಯ್ಯ ಬನ್ನಿ ಎಂದರೂ ಒಳಗೆ ಬರಲಿಲ್ಲ. ಅವರಲ್ಲಿ ಹಿರಿಯನೊಬ್ಬ ಹೇಳಿದ, “ನಿಮ್ಮ ಹುಡುಗಿ ಎಡಗೈ ನಮ್ಮ ಮನಿಷ್ಯಾನ ಎರಡೂ ಕಾಲು ತಿಂತ್ರಿ. ಇನ್ನ ಈ ಹೋಟ್ಲದಾಗ ನಮ್ಮ ಮಂದಿ ನೀರೂ ಕುಡಿಯಂಗಿಲ್ಲ.” ಹೊಸ್ತಿಲ ಮೇಲೆ ಉಗಿದು ಹೋದರು.

ಅಪ್ಪಯ್ಯ ಅಡುಗೆಮನೆಗೆ ಬಂದ. ಆಯಿ ಬಾವಿಕಟ್ಟೆಯಲ್ಲಿದ್ದಳು. ದೋಸೆ ಮಗುಚುವ ಕಬ್ಬಿಣದ ಸಟ್ಟುಗವನ್ನು ತೆಗೆದು ಒಲೆಯ ಕೆಂಡದೊಳಗೆ ಹುದುಗಿಸಿದ. ನಾನು ಮೂಲೆಯಲ್ಲಿ ನಿಂತಿದ್ದೆ. ಓಡಲಿಲ್ಲ. ಓಡಬಹುದಿತ್ತು, ಹೊತ್ತು ಬೇಕಾದಷ್ಟಿತ್ತು. ಸಿಟ್ಟಿನ ಭರದಲ್ಲಿ ಮಾಡಿಬಿಟ್ಟ ಎಂದು ಆಮೇಲೆ ಎಷ್ಟೋ ಜನ ಅವನ ಪರವಾಗಿ ಹೇಳಿದ್ದಾರೆ. ಕಬ್ಬಿಣ ಕೆಂಪಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಅವನು ಒಮ್ಮೆ ಹೊರಗೆ ತೆಗೆದು ನೋಡಿ, ಸಾಲದೆಂದು ಮತ್ತೆ ಒಳಗಿಟ್ಟ.

ಆಮೇಲೆ ನನ್ನ ಎದುರು ಬಂದು ನಿಂತ. “ಚಾಚೇ ಕೈಯ!” ಎಂದ.

ಚಾಚಿದೆ. ಅವನ ಎದುರು ಯಾವ ಕೈ ಚಾಚಬೇಕೆಂದು ಅವನೇ ಕಲಿಸಿದ್ದನೋ ಅದನ್ನು ಚಾಚಿದೆ. ಎಡಗೈ ಎಂದಿನಂತೆ ಬೆನ್ನ ಹಿಂದೆ ಹೋಗಿ ಅಡಗಿತ್ತು. ಎದುರುಬದುರು ನಿಂತಾಗ ನನ್ನ ಬಲ ಅವನ ಎಡಕ್ಕೆ ಬರುತ್ತದೆ. ಅವನ ಕಣ್ಣಿಗೆ ಅಪರಾಧ ಮಾಡಿದ ಕೈಯೇ ಎದುರು ಬಂದಂತೆ ಕಂಡಿರಬೇಕು. ನನ್ನ ಮಣಿಕಟ್ಟು ಹಿಡಿದು, ಅಂಗೈ ಮತ್ತು ಬೆರಳುಗಳ ಉದ್ದಕ್ಕೂ ಸಟ್ಟುಗ ಒತ್ತಿದ. ನಾನು ಕಿರುಚಿ ಮುಷ್ಟಿ ಕಟ್ಟಿದೆ. ಅದೇ ಹೆಚ್ಚು ಕೆಟ್ಟದ್ದಾಯಿತು. ಕೆಂಪು ಕಬ್ಬಿಣವನ್ನು ನಾನೇ ಬಿಗಿಯಾಗಿ ಹಿಡಿದುಕೊಂಡಿದ್ದೆ, ಅವನು ಎಳೆದಾಗ ಅದರ ಜೊತೆ ಚರ್ಮವೂ ಹೋಯಿತು. ಆ ವಾಸನೆಯನ್ನು ನಾನು ಬರೆಯುವುದಿಲ್ಲ.

ಬಾಗಿಲಲ್ಲಿ ಕೊಡ ಬಿದ್ದ ಸದ್ದಾಯಿತು. ಆಯಿ ಅವನ ತೋಳಿಗೆ ಜೋತುಬಿದ್ದು ಕೂಗಿದಳು.

“ಅದು ಬಲಗೈ! ಬಿಡಿ, ಬಲಗೈ ಅದು!”

ಅಪ್ಪಯ್ಯ ನೋಡಿದ. ನನ್ನ ಕೈ ನೋಡಿದ, ನನ್ನ ಬೆನ್ನ ಹಿಂದೆ ನೋಡಿದ. ಸಟ್ಟುಗ ಕೆಳಗೆ ಬಿತ್ತು. ಅಯ್ಯೋ ಎನ್ನುತ್ತಾನೆ, ಅಪ್ಪಿಕೊಳ್ಳುತ್ತಾನೆ ಎಂದು ನಾನು ಆ ಉರಿಯಲ್ಲೂ ಕಾದೆ. ಅವನು ನನ್ನ ಮೇಲೇ ಹರಿಹಾಯ್ದ.

“ಎಡಗೈ ಕೊಡಕಾಗಿತ್ತಲೆ ನೀನು!”

ಲೋಳೆಸರ ಹಚ್ಚಿದರು, ಜೇನು ಹಚ್ಚಿದರು. ಕೀವಾಯಿತು, ಜ್ವರ ಬಂತು. ಹದಿನೈದು ದಿನದ ಮೇಲೆ ಶಿರಸಿಯ ಡಾಕ್ಟರ ಹತ್ತಿರ ಕರೆದೊಯ್ದಾಗ ಬೆರಳುಗಳು ಅಂಗೈಗೆ ಅಂಟಿ ಒಣಗತೊಡಗಿದ್ದವು. ಏನಾಯಿತು ಎಂದು ಅವರು ಕೇಳಿದರು. ಒಲೆಗೆ ಬಿದ್ದಳು ಎಂದು ಅಪ್ಪಯ್ಯ ಹೇಳಿದ. ಊರಿನವರು ಇಂದಿಗೂ ಹೇಳುವ ಸುಳ್ಳು ಹುಟ್ಟಿದ್ದು ಅಲ್ಲಿ. ಬೆರಳು ಇನ್ನು ಬಿಡಿಸಲಾಗುವುದಿಲ್ಲ ಎಂದರು ಡಾಕ್ಟರು.

ಮತ್ತೆ ಶಾಲೆಗೆ ಹೋದಾಗ ಮಾಸ್ತರು ನನ್ನ ಕೈಯನ್ನು ತುಂಬ ಹೊತ್ತು ನೋಡಿ, ಕಡ್ಡಿಯನ್ನು ತಾವೇ ನನ್ನ ಎಡಗೈಯಲ್ಲಿಟ್ಟು “ಬರಿ” ಎಂದರು. ಇದನ್ನು ಬರೆಯುತ್ತಿರುವುದೂ ಅದೇ ಕೈ. ಅಕ್ಷರ ದುಂಡಗಿದೆ.

ಶಿರಸಿಯಿಂದ ಬಂದ ಮರುದಿನದಿಂದ ಆಯಿ ಶುರು ಮಾಡಿದಳು. ಮಧ್ಯಾಹ್ನದ ಪಂಕ್ತಿಯಲ್ಲಿ ಗುಮಾಸ್ತರಿಗೆ, ಉಳಿದವರಿಗೆ ಬಲಗೈಯಲ್ಲಿ ಅನ್ನ ಬಡಿಸಿಕೊಂಡು ಬಂದಳು. ಕೊನೆಯ ಎಲೆ ಅಪ್ಪಯ್ಯನದು. ಅವನ ಎದುರು ನಿಂತು ಅನ್ನದ ಸೌಟನ್ನು ಬಲಗೈಯಿಂದ ಎಡಗೈಗೆ ದಾಟಿಸಿ ಅವನ ಎಲೆಗೆ ಹಾಕಿದಳು.

“ಎಂತ ಇದು?” ಅಂದ ಅಪ್ಪಯ್ಯ.

“ಎಡಗೈ. ಕಾಣ್ತಿಲ್ಯ?” ಅಂದಳು ಆಯಿ.

ಅವನು ಎಲೆ ಎತ್ತಿ ಅವಳ ಮುಖಕ್ಕೆ ಎಸೆದ. ಅವಳು ಮುಖ ಒರೆಸಿಕೊಂಡು ಇನ್ನೊಂದು ಎಲೆ ಹಾಕಿ, ಮತ್ತೆ ಎಡಗೈಯಲ್ಲೇ ಬಡಿಸಿದಳು. ಆ ರಾತ್ರಿ ಅವನು ಅವಳಿಗೆ ಹೊಡೆದ. ಬೆಳಿಗ್ಗೆ ಅವಳ ತುಟಿ ಒಡೆದಿತ್ತು, ಮಧ್ಯಾಹ್ನ ಎಡಗೈಯಲ್ಲೇ ಬಡಿಸಿದಳು. ಎರಡು ದಿನ ಅವನು ಉಪವಾಸ ಕೂತ. ಅವಳೇನೂ ಉಣ್ಣಿ ಎಂದು ಬೇಡಲಿಲ್ಲ. ಮೂರನೇ ದಿನ ತಲೆ ತಗ್ಗಿಸಿ ಉಂಡ. ಅಲ್ಲಿಂದ ಹತ್ತು ವರ್ಷ ಅವನು ಹೆಂಡತಿಯ ಎಡಗೈಯ ಅನ್ನ ತಿಂದ. ಹಬ್ಬದ ಹೋಳಿಗೆಯೂ ಎಡಗೈಯಲ್ಲಿ, ಜ್ವರ ಬಂದಾಗ ಗಂಜಿಯೂ ಎಡಗೈಯಲ್ಲಿ. ಹೊಡೆಯುವುದನ್ನು ಅವನು ನಿಲ್ಲಿಸಿದ್ದು ಎರಡು ವರ್ಷದ ಮೇಲೆ, ಅದೂ ಪಶ್ಚಾತ್ತಾಪದಿಂದಲ್ಲ, ಸಾಕಾಗಿ.

ಆಯಿ ನನ್ನ ಪರವಾಗಿ ಹೋರಾಡುತ್ತಿದ್ದಾಳೆ ಎಂದು ಮೊದಮೊದಲು ನನಗೆ ಹೆಮ್ಮೆಯಿತ್ತು. ದೊಡ್ಡವಳಾದಂತೆ ಆ ಹೆಮ್ಮೆ ಸಿಟ್ಟಾಗತೊಡಗಿತು. ನನಗಿದ್ದದ್ದು ಅದೊಂದೇ ಕೈ. ಅದರಲ್ಲೇ ಉಣ್ಣುತ್ತಿದ್ದೆ, ಬರೆಯುತ್ತಿದ್ದೆ, ತಲೆ ಬಾಚುತ್ತಿದ್ದೆ. ಆಯಿಗೆ ಮಾತ್ರ ಎಡಗೈ ಎಂದರೆ ಗಂಡನಿಗೆ ಕೊಡುವ ಬೈಗುಳ. ದಿನಾ ಮಧ್ಯಾಹ್ನ ಅವಳು ಅವನಿಗೆ ಉಗಿಯುತ್ತಿದ್ದದ್ದು ನನ್ನ ಕೈಯಿಂದ ಅನ್ನಿಸುತ್ತಿತ್ತು. ಅವಳಿಗೆ ಒಮ್ಮೆ ಹೇಳಿದೆ, ನಿಲ್ಲಿಸು ಎಂದು. “ನಿಂಗೆ ಗೊತ್ತಾಗ್ತಿಲ್ಲೆ, ಸುಮ್ನಿರು,” ಅಂದಳು.

ನನಗೆ ಹದಿನೆಂಟು ಆದಾಗ ಸಿದ್ದಾಪುರದ ಕಡೆಯಿಂದ ನನ್ನನ್ನು ನೋಡಲು ಬಂದರು. ಸಣ್ಣ ಸುಟ್ಟ ಕಲೆ ಇದೆ ಎಂದಷ್ಟೇ ಅಪ್ಪಯ್ಯ ಹೇಳಿದ್ದ. ನಾನು ಸೆರಗಿನಲ್ಲಿ ಬಲಗೈ ಮುಚ್ಚಿಕೊಂಡು ಬಂದೆ. ಗಂಡಿನ ತಾಯಿ ದೇವರಿಗೆ ದೀಪ ಹಚ್ಚು ಎಂದರು. ಎಡಗೈಯಲ್ಲಿ ಹಚ್ಚಿದೆ. ಧಾರೆಯಲ್ಲಿ ನಮ್ಮ ಹುಡುಗ ಹಿಡಿಯಬೇಕಾದ ಕೈ ಯಾವುದು ಎಂದು ಅವರು ಕೇಳಿದರು. ಸೆರಗು ಸರಿಸಿ ತೋರಿಸಿದೆ. ತಿನ್ನುತ್ತಿದ್ದ ಅವಲಕ್ಕಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಆಮೇಲೆ ಯಾರೂ ಬರಲಿಲ್ಲ.

ಮರುವರ್ಷ ದೊಡ್ಮನೆಯಿಂದ ದೊಡ್ಡಪ್ಪ ಬರುತ್ತೇನೆಂದು ಹೇಳಿ ಕಳಿಸಿದ. ಅಪ್ಪಯ್ಯ ಜಗಳವಾಡಿ ಬಿಟ್ಟುಬಂದ ಅದೇ ಅಣ್ಣ. ಹದಿನೈದು ವರ್ಷದ ಮೇಲೆ ರಾಜಿ ಮಾಡಿಕೊಳ್ಳಲು ತಾನಾಗಿ ಬರುತ್ತಿದ್ದ. ಅಪ್ಪಯ್ಯ ಮೂರು ದಿನ ನೆಲದ ಮೇಲೆ ಕಾಲು ನಿಲ್ಲದಂತೆ ಓಡಾಡಿದ. ಬಂದ ದಿನ ಎಲೆ ಹಾಕುವ ಮುಂಚೆ ಅವನು ಅಡುಗೆಮನೆಗೆ ಬಂದು, ಆಯಿ ಇಲ್ಲದ್ದು ನೋಡಿ, ನನ್ನ ಹತ್ತಿರ ಮೆಲ್ಲಗೆ ಹೇಳಿದ.

“ಕೂಸೆ, ಇವತ್ತು ನೀ ಬಡ್ಸೆ. ಅಣ್ಣನ ಎದುರಿಗೆ ನಿನ್ನ ಆಯಿ ಹಾಂಗೆ ಮಾಡಿರೆ ಎನ್ನ ಮರ್ಯಾದೆ ಹೋಗ್ತು. ನಿನ್ನ ಎಡಗೈಯಾದ್ರೆ ಅಡ್ಡಿಲ್ಲೆ. ನಿಂದು ಹಾಂಗೇ ಹೇಳಿ ಎಲ್ಲರಿಗೂ ಗೊತ್ತಿದ್ದು.”

ಅಡ್ಡಿಲ್ಲೆ. ಹತ್ತು ವರ್ಷದ ಹಿಂದೆ ಅಡ್ಡಿ ಇತ್ತು, ಕಬ್ಬಿಣ ಕಾಯಿಸುವಷ್ಟು ಅಡ್ಡಿ ಇತ್ತು. ಈಗ ಅವನ ಮಾನ ಮುಚ್ಚಲು ನನ್ನ ಎಡಗೈಯೇ ಬೇಕು, ಈಗ ಅಡ್ಡಿಲ್ಲೆ. ನಾನು ಆಗಲಿ ಎಂದೆ. ನನ್ನ ಕಿವಿಯಲ್ಲಿ ಆ ಹಳೆಯ ಪೆಟ್ಟಿನ ಗುಂಯ್ ಸದ್ದು ಮತ್ತೆ ಕೇಳಿಸಿದ ಹಾಗಾಯಿತು. ಆಯಿಗೆ ಇವತ್ತು ನಾನು ಬಡಿಸುತ್ತೇನೆ ಎಂದೆ. ಅವಳು ನನ್ನ ಮುಖ ನೋಡಿ, ಸೌಟು ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

ದೊಡ್ಡಪ್ಪನ ಎಲೆಗೆ ಎಡಗೈಯಲ್ಲಿ ಅನ್ನ ಬಡಿಸಿದೆ, ಸಾರು ಬಡಿಸಿದೆ. ಅವನು ನನ್ನ ಮುದುರಿದ ಕೈ ನೋಡಿ ತಮ್ಮನಿಗೆ “ಪಾಪದ ಕೂಸು,” ಎಂದ. ಅಪ್ಪಯ್ಯ ನಿಟ್ಟುಸಿರು ಬಿಟ್ಟು ತಲೆಯಾಡಿಸಿದ, ನಾನು ಒಲೆಗೆ ಬಿದ್ದದ್ದು ತನಗೂ ನೋವು ಎನ್ನುವವನ ಹಾಗೆ. ಅಪ್ಪಯ್ಯನಿಗೂ ಅನ್ನ ಎಡಗೈಯಲ್ಲೇ ಹಾಕಿದೆ. ಅವನು ಬಲಗೈಯಲ್ಲಿ ಅನ್ನಕ್ಕೆ ಗುಳಿ ಮಾಡಿಕೊಂಡು ಸಾರಿಗೆ ಕಾದ.

ಒಳಗೆ ಹೋಗಿ ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ಸಾರಿನಿಂದ ದೊಡ್ಡ ಸೌಟು ತುಂಬಿಕೊಂಡು ಬಂದೆ. ಅವನ ಎದುರು ನಿಂತು, ಸೌಟನ್ನು ಎಡಗೈಯಿಂದ ಬಲಗೈಯ ಆ ಮಡಚಿದ ಬೆರಳುಗಳ ಸಂದಿಗೆ ತುರುಕಿದೆ. ಅದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೈ ಜಾರಿತು ಎಂದು ಆಮೇಲೆ ನಾನೂ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಸೌಟು ವಾಲಿತು. ಕುದಿಯುವ ಸಾರು ಅಷ್ಟೂ ಅವನ ಬಲಗೈ ಮೇಲೆ ಬಿತ್ತು.

ಅವನು ಹಲ್ಲು ಕಚ್ಚಿದ ಸದ್ದು ಕೇಳಿಸಿತು. ದೊಡ್ಡಪ್ಪ ಕೂಗಿದ. ನಾನು ಹೇಳಿದೆ, “ಬಲಗೈಲೇ ಬಡಸವು ಹೇಳಿ ಕಲ್ಸಿದ್ದು ನೀನೇ ಅಲ್ದ, ಅಪ್ಪಯ್ಯ?”

ಕೈ ಆಗಲೇ ಕೆಂಪಗೆ ಉಬ್ಬುತ್ತಿತ್ತು. ಏಳು, ತಣ್ಣೀರು ಹಾಕಿಕೊ ಎಂದ ದೊಡ್ಡಪ್ಪ. ಅಪ್ಪಯ್ಯ ಏಳಲಿಲ್ಲ. ಹಿರಿಯವನು ಉಣ್ಣುತ್ತಿರುವಾಗ ಪಂಕ್ತಿಯಿಂದ ಏಳುವವನಲ್ಲ ಅವನು, ಅದೂ ಹದಿನೈದು ವರ್ಷದ ಮೇಲೆ ಬಂದ ಅಣ್ಣ. “ಕೂಸಿನ ತಪ್ಪಿಲ್ಲೆ. ನೀ ಉಣ್ಣು,” ಎಂದ. ಸುಟ್ಟ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಎಡಗೈಯನ್ನು ಅನ್ನಕ್ಕೆ ಹಾಕಿದ.

ಅವನಿಗೆ ಬರುತ್ತಿರಲಿಲ್ಲ. ತುತ್ತು ಕಟ್ಟಲಾಗದೆ ಅಗುಳು ಎದೆಯ ಮೇಲೆ, ಮಡಿಲಲ್ಲಿ ಬೀಳುತ್ತಿತ್ತು. ಸಾರು ಮೊಣಕೈವರೆಗೆ ಇಳಿಯಿತು. ಬಾರದ ಕೈಯಲ್ಲಿ ಉಣ್ಣುವುದು ಹೇಗಿರುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ದೊಡ್ಡಪ್ಪ ಉಣ್ಣುವುದನ್ನು ನಿಲ್ಲಿಸಿ ತಮ್ಮನನ್ನೇ ನೋಡುತ್ತಿದ್ದ.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಸುಲಭವಾಗಿ ಎಲೆಗೆ ಹಾಕಬಹುದಾದ ಕೈಗಾಗಿ ನನ್ನ ಬದುಕನ್ನು ಯಾಕೆ ಸುಟ್ಟೆ ಎಂದು ಕೇಳಬೇಕೆನಿಸಿತು. ಕೇಳುವ ಬದಲು ಅನ್ನದ ಪಾತ್ರೆ ತಂದು ಎಡಗೈಯಲ್ಲಿ ಅವನಿಗೆ ಬಡಿಸತೊಡಗಿದೆ. ಒಂದು ಸಲ, ಎರಡು ಸಲ, ಮೂರು ಸಲ. ಸಾಕು ಎನ್ನುವವರು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಅಡ್ಡ ಹಿಡಿಯಲು ಅಪ್ಪಯ್ಯನಿಗೆ ಕೈ ಉಳಿದಿರಲಿಲ್ಲ, ಬಾಯಿಬಿಟ್ಟು ಸಾಕು ಎಂದೂ ಅವನು ಹೇಳಲಿಲ್ಲ. ಆಯಿ ಬಂದು ನನ್ನ ಮಣಿಕಟ್ಟು ಹಿಡಿಯುವವರೆಗೂ ನಾನು ಬಡಿಸುತ್ತಲೇ ಇದ್ದೆ.